ಇಬ್ಬರಿಗೂ ಕೊಟ್ಟ ಮಾತು

ನವೆಂಬರ್ ೧೪, ಗುರುವಾರ. ಕೈರುವಾನ್.

ಮಬ್ರೂಕಾ ಮಧ್ಯಾಹ್ನ ತೀರಿಕೊಂಡರು. ನೋವು ತಿನ್ನದ ಹಾಗೆ ನೋಡಿಕೊಂಡೆ, ವೈದ್ಯೆಯಾಗಿ ಅಷ್ಟು ಸರಿಯಾಗಿಯೇ ಮಾಡಿದೆ. ಆದರೂ ಊಟ ಸೇರಲಿಲ್ಲ.

ಆಸ್ಪತ್ರೆಗೆ ಸೇರಿಸಿದ ದಿನವೇ ಅವರ ಗಂಡ ತೀಜಾನಿ ನನ್ನನ್ನು ವರಾಂಡಕ್ಕೆ ಕರೆದು, "ಕ್ಯಾನ್ಸರ್ ಅಂತ ಅವಳ ಮುಂದೆ ಬಾಯಿ ಬಿಡಬೇಡಿ ಡಾಕ್ಟರಮ್ಮ, ಎದೆ ಒಡೆದೇ ಸತ್ತುಹೋಗ್ತಾಳೆ" ಎಂದಿದ್ದರು. ಅವರು ಕಾಫಿಗೆ ಹೋದಾಗ ಮಬ್ರೂಕಾ ನಕ್ಕಿದ್ದರು. "ನಾನು ಉಳಿಯಲ್ಲ, ಗೊತ್ತು ಮಗಳೇ. ಆ ಮುದುಕನಿಗೆ ಹೇಳಬೇಡ. ಇರುವೆ ಕಚ್ಚಿದ್ರೂ ಊರು ಸೇರಿಸೋ ಗಂಡಸು ಅದು."

ಹೇಳುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟೆ. ಅದನ್ನೇ ಕರುಣೆ ಎಂದುಕೊಂಡೆ, ಪೆದ್ದಿ.

ನಮ್ಮಲ್ಲಿ ಕೊನೆಗಾಲಕ್ಕೆ ಗಂಡ ಹೆಂಡತಿ ಒಬ್ಬರನ್ನೊಬ್ಬರು "ಮನ್ನಿಸಿಬಿಡು" ಎಂದು ಕೇಳಿಕೊಳ್ಳದೆ ಇರುವುದಿಲ್ಲ. ಇವರಿಬ್ಬರು ಕೊನೆಯವರೆಗೂ ಈ ಸಲದ ಆಲಿವ್ ಫಸಲಿನ ಮಾತಾಡಿಕೊಂಡೇ ಕೂತಿದ್ದರು.

ಮಬ್ರೂಕಾಗೆ ಮೊದಲೇ ಎಲ್ಲ ಗೊತ್ತಿತ್ತು ಎಂದು ಸಂಜೆ ತೀಜಾನಿಗೆ ನಿಜ ಹೇಳಿದೆ, ಸಮಾಧಾನವಾಗಲಿ ಎಂದು.

"ಮನ್ನಿಸು ಅಂದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಯಾರನ್ನ ಕೇಳ್ಲಿ, ಡಾಕ್ಟರಮ್ಮ?"

ಆಗ ನಾನು "ನನ್ನನ್ನು ಮನ್ನಿಸಿ" ಎಂದು ಅವರನ್ನು ಕೇಳಬೇಕಿತ್ತು. "ಏನಾದರೂ ತಿನ್ನಿ" ಎಂದಷ್ಟೇ ಹೇಳಿ ಬಂದುಬಿಟ್ಟೆ.