ಪಕ್ಕದ ಬಾಗಿಲಿನ ಇಪ್ಪತ್ತು ನಿಮಿಷ

ಕೇಪ್ ಬ್ರೆಟನ್
ಜೂನ್ ೧೧, ಬುಧವಾರ

ಎಫೀ,

'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆಯಿತು. ಆ ಪದ ಬರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ನೀನೇ ಹೇಳಬೇಕು. ಒಂದನೇ ತರಗತಿಯಿಂದ ನಿನ್ನ ಪಕ್ಕ ಕೂತವಳು, ನಿನ್ನ ಅಡುಗೆಮನೆಯ ಬೆಳಕು ಕಾಣುವಷ್ಟು ಹತ್ತಿರ ಇರುವವಳು, ನಿನಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆ. ಅಂಚೆ ಕಚೇರಿಯ ಡೋಲಿ ವಿಳಾಸ ನೋಡಿ ಊರಿಗೆಲ್ಲ ಹೇಳುತ್ತಾಳೆ, ಹೇಳಲಿ.

ನಿನ್ನೆ ನಿನ್ನ ಮಗ ನೀಲ್ ಬಂದಿದ್ದ. ಒಳಗೆ ಕಾಲಿಡಲಿಲ್ಲ, ಚಹಾ ಬೇಡವೆಂದ. ಮೆಟ್ಟಿಲ ಮೇಲೆ ನಿಂತೇ ಕೇಳಿದ: "ಅಮ್ಮ ಒಂದೇ ಮಾತು ಕೇಳ್ಕೊಂಡ್ ಬಾ ಅಂದಿದಾಳೆ. ಅಪ್ಪ ಸಾಯ್ತಾ ಇದಾನೆ ಅಂತ ನಿಮಗೆ ಗೊತ್ತಿತ್ತಾ ಮೋರಾಗ್ ಆಂಟಿ?" ಬರೆದು ಕಳಿಸುತ್ತೇನೆ ಎಂದೆ. "ಹೌದು ಇಲ್ಲ ಅನ್ನೋಕೂ ಕಾಗದ ಬೇಕಾ?" ಎಂದು ಸಿಡುಕಿಕೊಂಡು ಹೋದ. ಸೋಮವಾರ ನಾವು ಏಳು ಜನ ಹೆಂಗಸರು ಕೋರ್ಟಿನಲ್ಲಿ ನಿಲ್ಲಬೇಕು. ನನ್ನ ಉತ್ತರ ನೋಡಿಕೊಂಡು ನೀನು ಸಾಕ್ಷಿ ಹೇಳುವುದೋ ಬಿಡುವುದೋ ತೀರ್ಮಾನಿಸುತ್ತೀಯಂತೆ. ಅದು ನ್ಯಾಯವೇ.

ನಮ್ಮ ಮೇಲೆ ಕೇಸು ಹಾಕಿರುವ ಆ ಕಾನೂನಿನ ವಿಷಯ ನೆನೆದರೆ ನಗು ಬರುತ್ತದೆ, ನಗುವ ಕಾಲ ಇದಲ್ಲದಿದ್ದರೂ. ಪೂಜಾಸ್ಥಳಕ್ಕೆ ಹೋಗುವವರನ್ನು, ಬರುವವರನ್ನು ಅಡ್ಡಗಟ್ಟಬಾರದು ಎಂಬ ಕಾನೂನಿಗೆ ನಮ್ಮೂರಿನಲ್ಲಿ ಸಹಿ ಸಂಗ್ರಹಿಸಿದವಳು ನಾನೇ ತಾನೇ? ಪಟ್ಟಣದ ಮಸೀದಿಯ ಮುಂದೆ ಯಾರೋ ಮುಖ ಮುಚ್ಚಿಕೊಂಡು ನಿಂತು, ನಮ್ಮ ಡಾಕ್ಟರಮ್ಮನ ಮಕ್ಕಳನ್ನು ಒಳಗೆ ಬಿಡದೆ ಕೂಗಾಡಿದರು ಎಂದು ಗೊತ್ತಾದ ವಾರವೇ ಅರ್ಜಿ ಹಿಡಿದು ಮನೆಮನೆ ತಿರುಗಿದೆ. ಎರಡನೆಯ ಸಹಿ ನಿನ್ನದು. ಅಂಥವರಿಗೆ ಜೈಲೇ ಸರಿ ಎಂದು ನಿನ್ನ ಮೇಜಿನ ಮುಂದೆ ಕೂತು ಹೇಳಿದ್ದೆ. ಅಂಥವರು ಎಂದರೆ ಬೇರೆ ಯಾರೋ ಎಂದುಕೊಂಡಿದ್ದೆ.

ನಮ್ಮದು ಹಾಗಲ್ಲ ಎಂದು ಈಗಲೂ ಮನಸ್ಸು ವಾದಿಸುತ್ತದೆ. ಇಗರ್ಜಿ ಮುಚ್ಚಿ ಮಾರುತ್ತೇವೆಂದು ಬಿಷಪ್ ಕಾಗದ ಕಳಿಸಿದಾಗ ನಾವೇನು ಕಲ್ಲು ಹೊಡೆದೆವೇ? ಮಡಚುವ ಕುರ್ಚಿ ತಂದು ಪಕ್ಕದ ಬಾಗಿಲಿನ ಮುಂದೆ ಕೂತೆವು, ಅಷ್ಟೆ. ಮುಂಬಾಗಿಲಿಗೆ ಅವರು ಸರಪಳಿ ಹಾಕಿಸಿದ್ದರಿಂದ ಅದೊಂದೇ ದಾರಿ. ಒಳಗೆ ಪರಮಪ್ರಸಾದದ ರೊಟ್ಟಿ ಇದ್ದು ಕೆಂಪು ದೀಪ ಉರಿಯುವ ತನಕ ಇಗರ್ಜಿ ಇಗರ್ಜಿಯೇ, ಅದನ್ನು ಹೊರಗೊಯ್ದ ದಿನ ಅದು ಬರೀ ಮರದ ಕಟ್ಟಡ. ಇದನ್ನು ನಮ್ಮ ಅಜ್ಜಿಯಂದಿರು ನಮಗೆ ಕಲಿಸಿದ್ದು, ನಾನು ಕಟ್ಟಿದ್ದಲ್ಲ. ಹಾಗಾಗಿ ಸರದಿಯ ಮೇಲೆ ನಲವತ್ತೊಂದು ದಿನ ಕಾದೆವು. ಫಾದರ್ ಉಗೊ ಅವರನ್ನು ಮಾತ್ರ ಒಳಗೆ ಬಿಡುತ್ತಿದ್ದೆವು. ನೈಜೀರಿಯಾದಿಂದ ಬಂದು ನಮ್ಮ ಚಳಿಯಲ್ಲಿ ನಡುಗುತ್ತಾ ಪೂಜೆ ಮಾಡುವ ಆ ಮನುಷ್ಯನ ಮೇಲೆ ನಮಗೆ ಸಿಟ್ಟಿರಲಿಲ್ಲ. ಆದರೆ ಬಿಷಪ್ ಹೇಳಿದರೆ ಅವರು ಕೇಳಲೇಬೇಕು ಎಂಬ ಭಯವಿತ್ತು.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವರು ಕಾರು ಅಡ್ಡಾದಿಡ್ಡಿ ನಿಲ್ಲಿಸಿ ಓಡಿಬಂದರು. ದಿನಾ "ಏನಮ್ಮಾ ಕಾವಲುಗಾರರೇ, ಇವತ್ತು ಓಟ್ಸ್ ಬಿಸ್ಕತ್ತು ಇಲ್ವಾ?" ಎಂದು ಕೀಟಲೆ ಮಾಡುವವರು ನೇರ ಒಳಗೆ ನುಗ್ಗಿದರು. ಐದು ನಿಮಿಷಕ್ಕೆ ಹೊರಡಲು ಬಾಗಿಲಿಗೆ ಬಂದಾಗ ಕೈ ಎದೆಯ ಜೇಬಿನ ಮೇಲಿತ್ತು. ಪರಮಪ್ರಸಾದ ಒಯ್ಯುವ ಆ ಪುಟ್ಟ ಚಿನ್ನದ ಬಣ್ಣದ ಡಬ್ಬಿಯ ದಾರ ಕುತ್ತಿಗೆಯಲ್ಲಿ ಕಾಣಿಸಿತು. ನಮ್ಮ ಜೊತೆ ಕೂತಿದ್ದ ಕೇಟಿ "ಅಯ್ಯೋ, ತಗೊಂಡ್ ಹೋಗ್ತಿದಾರೆ ಕಣ್ರೇ!" ಎಂದು ಕಿರುಚಿದಳು. ಅಷ್ಟೇ ಸಾಕಾಯಿತು. ನಾನು ಕುರ್ಚಿಯನ್ನು ಹೊಸ್ತಿಲಿಗೆ ಅಡ್ಡ ಹಾಕಿ ಕೂತೆ. ಉಳಿದ ಆರು ಜನ ನನ್ನ ಹಿಂದೆ ತೋಳಿಗೆ ತೋಳು ಸೇರಿಸಿ ನಿಂತರು. ನಾನು ಜಪಸರ ಶುರುಮಾಡಿದೆ.

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಬಾಗಿಲು ತೆಗೆದು ಮಕ್ಕಳನ್ನು ಇಳಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಆ ದಿನ ಮಾತ್ರ ಬಂಡೆಯ ಹಾಗೆ ಕೂತೆ. ಫಾದರ್ ಬೇಡಿಕೊಂಡರು, ಕೈ ಮುಗಿದರು, ಒಮ್ಮೆ ಕುರ್ಚಿ ದಾಟಲು ಹೋಗಿ ಮೊಣಕಾಲು ತರಚಿಕೊಂಡರು. ಅವರು ಹೇಳಿದ ಮಾತೆಲ್ಲ ನಮ್ಮ "ನಮೋ ಮರಿಯ"ದಲ್ಲಿ ಮುಳುಗಿಹೋಯಿತು. ಫಾದರ್ ಇನ್ನೂ ಬರಲಿಲ್ಲವೆಂದು ನಿನ್ನ ನೀಲ್ ಪೊಲೀಸರಿಗೆ ಫೋನು ಮಾಡಿ, ಕಾನ್‌ಸ್ಟೇಬಲ್ ಲಾಕ್ಲನ್ ಬಂದು, ನನ್ನನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಡುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. "ಏನ್ ಮಾಡ್ಬಿಟ್ರಿ ಮೋರಾಗಮ್ಮ, ರಾನಲ್ಡ್ ಸಾಯ್ತಿದಾನೆ, ಕೊನೇ ಪ್ರಾರ್ಥನೆ ಹೇಳಿ ಎಣ್ಣೆ ಹಚ್ಚೋಕೆ ಹೊರಟಿದ್ರು ಅವರು" ಎಂದ. ಫಾದರ್ ಓಡಿದರು. ಅವರು ನಿನ್ನ ಮನೆ ಮುಟ್ಟುವ ನಾಲ್ಕು ನಿಮಿಷ ಮುಂಚೆ ಎಲ್ಲ ಮುಗಿದಿತ್ತು ಎಂದು ಆಮೇಲೆ ತಿಳಿಯಿತು.

ನಿನ್ನ ಗಂಡ ಐವತ್ತು ವರ್ಷ ಭಾನುವಾರದ ಪೂಜೆ ತಪ್ಪಿಸದವನು, ಎಫೀ. ಏಡಿ ಹಿಡಿಯುವ ಋತುವಿನಲ್ಲೂ ಬೂಟಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವನು. ಅವನಿಗೆ ಕೊನೆಯ ಎಣ್ಣೆ ಸಿಗದಂತೆ ಮಾಡಿದೆ. ಸಾವಿನ ಮನೆಗೆ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಂದಾಗ ನಿನ್ನ ತಂಗಿ ತಟ್ಟೆ ಇಸಿದುಕೊಂಡು ಬಾಗಿಲು ಹಾಕಿದಳು. ನಾನು ಅವಳನ್ನು ಬೈಯುವುದಿಲ್ಲ.

ನಮ್ಮ ಲಾಯರ್ ಹುಡುಗಿ ಬುದ್ಧಿವಂತೆ. "ಜಪದ ಸದ್ದಲ್ಲಿ ಅವರು ಹೇಳಿದ್ದು ಕೇಳಿಸ್ಲಿಲ್ಲ ಅನ್ನಿ. ಏಳೂ ಜನ ಅದನ್ನೇ ಹೇಳಿದ್ರೆ ಜಡ್ಜು ಬೈದು ಮನೆಗೆ ಕಳಿಸ್ತಾರೆ" ಎನ್ನುತ್ತಾಳೆ. ಫಾದರ್ ಉಗೊ ಕೂಡ ಪೊಲೀಸರ ಮುಂದೆ "ಪಾಪ, ಅವರಿಗೆ ಕೇಳಿಸಿರಲಿಕ್ಕಿಲ್ಲ" ಎಂದೇ ಬರೆಸಿದ್ದಾರೆ. ಆ ಮಾತು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಕೇಟಿಗೆ ಎಪ್ಪತ್ತೆಂಟು, ಅವಳು ಈಗಲೇ ಜೈಲಿಗೆಂದು ಉಣ್ಣೆಯ ಕಾಲುಚೀಲ ಕಟ್ಟಿಟ್ಟುಕೊಂಡಿದ್ದಾಳೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ನಮಗೆ ಕೇಳಿಸಲಿಲ್ಲ, ಎಫೀ. ಕೇಳಿಸಿದ್ದರೆ ಬಿಡುತ್ತಿದ್ದೆವು. ಸಾಧ್ಯವಾದರೆ ಕ್ಷಮಿಸು.

ನಿನ್ನ
ಮೋರಾಗ್

ತಾ.ಕ.: ಲಕೋಟೆ ಅಂಟಿಸಿದ್ದೆ. ಹರಿದು ತೆಗೆದೆ. ಆರು ಜನರಿಗೆ ಕೇಳಿಸಲಿಲ್ಲ ಎನ್ನುವುದು ದೇವರಾಣೆ ನಿಜ. ಅವರು ಬೆನ್ನ ಹಿಂದೆ ಇದ್ದರು. ಮೊದಲ ಹತ್ತು ಜಪ ಮುಗಿದು ನಾವು ಉಸಿರು ತೆಗೆದುಕೊಳ್ಳುವಾಗ ಫಾದರ್ ಬಗ್ಗಿ ನನ್ನ ಕಿವಿಯಲ್ಲಿ, "ಅಮ್ಮಾ, ರಾನಲ್ಡ್ ಹೋಗ್ತಾ ಇದಾರೆ, ಎಫಿ ಕರೆಸಿದಾರೆ" ಎಂದರು. ಒಂದೊಂದು ಅಕ್ಷರ ಕೇಳಿಸಿತು. ಎರಡು ದಿನದ ಹಿಂದಷ್ಟೇ ರಾನಲ್ಡ್ ದೋಣಿಯ ಹತ್ತಿರ ನಿಂತು "ಏನೇ ಮೋರಾಗ್, ಬಿಷಪ್ ಬಂದ್ರೆ ಕಚ್ತೀಯಾ?" ಎಂದು ನಕ್ಕಿದ್ದ. ಗಟ್ಟಿಮುಟ್ಟಾಗಿದ್ದ. ನನ್ನನ್ನು ಎಬ್ಬಿಸಲು ಬಿಷಪ್ ಹೇಳಿಕೊಟ್ಟ ಸುಳ್ಳು ಇದು ಎಂದುಕೊಂಡೆ. ನಿಜವಿದ್ದರೂ ಇರಬಹುದು ಎಂದೂ ಅನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಕೇಟಿಗೆ ಆ ಮಾತು ಕೇಳಿಸಿದರೆ ಅವಳು ದಾರಿ ಬಿಡುತ್ತಾಳೆ ಎಂದು ಹೆದರಿ, ಮುಂದಿನ ಹತ್ತನ್ನು ನಾನೇ ಗಟ್ಟಿ ದನಿಯಲ್ಲಿ ಎತ್ತಿಕೊಂಡೆ. ಈ ಹಾಳೆಯನ್ನು ಸರ್ಕಾರಿ ವಕೀಲರಿಗೆ ಕೊಡು. ಆರು ಜನರನ್ನು ಬಿಡಲಿ.