ಆನೆಯ ಜಾಗದ ಮುಚ್ಚಳ

ಮಾರ್ಚ್ ೧೪, ಶುಕ್ರವಾರ

ಚೆಸ್ ಬೋರ್ಡ್ ಇವತ್ತೂ ಬರಲಿಲ್ಲ. ‘ನಾಳೆ ತಲುಪುತ್ತದೆ’ ಎಂದು ಮೊಬೈಲ್ ದಿನಾ ಅದೇ ರಾಗ ಹಾಡುತ್ತಿದೆ.

ಕಾಲು ಮುರಿದುಕೊಂಡು ಮನೆಯಲ್ಲಿದ್ದ ಅಣ್ಣನಿಗೆಂದು ತರಿಸಿದ್ದು. ಮೊದಲನೆಯದು ತಡವಾಗಿ ಬಂತು, ಬಂದರೂ ಪೆಟ್ಟಿಗೆ ಜಜ್ಜಿ ಒಂದು ಆನೆ ಮುರಿದಿತ್ತು. ಅಣ್ಣ ಔಷಧಿ ಬಾಟಲಿಯ ಮುಚ್ಚಳವನ್ನು ಅದರ ಜಾಗದಲ್ಲಿಟ್ಟು, “ಇದೇ ಆನೆ ಅಂದ್ಕೋ. ಬಾ, ಕೂತ್ಕೋ” ಅಂದ. ನನಗೋ ಮೂಗಿನ ತುದಿಯಲ್ಲೇ ಕೋಪ. “ದುಡ್ಡೇನು ಬಿಟ್ಟಿ ಬಂದಿದ್ಯಾ?” ಎಂದು ಬೇರೆ ಬೋರ್ಡ್ ಕೇಳಿ, ಇದನ್ನು ವಾಪಸ್ ಕಳಿಸಿಬಿಟ್ಟೆ.

ಕಾಲು ವಾಸಿಯಾಗಿ, ಬೆಳಿಗ್ಗೆ ಅಣ್ಣ ಮತ್ತೆ ಲಾರಿ ಓಡಿಸಲು ಹೊರಟ. ಇನ್ನು ಅವನು ಮನೆಯಲ್ಲಿ ನಿಲ್ಲುವುದು ಯಾವಾಗಲೋ. “ಬಂದ್ರೆ ಎತ್ತಿಡು” ಅಂದ, ಅಷ್ಟೇ.

ಈಗ ಅವನ ಹಾಸಿಗೆ ಮಡಿಸುವಾಗ ದಿಂಬಿನಡಿ ಆ ಮುಚ್ಚಳ ಸಿಕ್ಕಿತು. ಪೆನ್ನಿನಲ್ಲಿ ಅದಕ್ಕೊಂದು ಸೊಂಡಿಲು ಬರೆದಿದ್ದಾನೆ. ಅವತ್ತು ಒಂದೇ ಒಂದು ಆಟಕ್ಕೆ ಕೂತಿದ್ದರೆ…