ಅಪ್ಪನ ತಪ್ಪು ಕಾಸು

ಜನವರಿ 9, ಬೆಳಗ್ಗೆ

ನಾಣ್ಯದಂಗಡಿ ತೆರೆಯುವ ಮೊದಲೇ ಮೂವರು. ಮೂವರ ಕೈಯಲ್ಲೂ "ಟಂಕಸಾಲೆಯಲ್ಲೇ ತಪ್ಪಾದ" ನಾಣ್ಯ. ಒಂದು ರೈಲಿನಡಿ ಚಪ್ಪಟೆಯಾದದ್ದು. ಒಂದು ಆ್ಯಸಿಡ್‌ನಲ್ಲಿ ಸವೆದದ್ದು. ಇನ್ನೊಂದರ ಅಂಚಿಗೆ ಸುತ್ತಿಗೆ ಪೆಟ್ಟು. ಮೂವರೂ ಮುಖ ಊದಿಸಿಕೊಂಡು ಹೋದರು. ಅಪ್ಪ ಇದ್ದಿದ್ದರೆ ಹೇಳುತ್ತಿದ್ದ — "ಟಂಕಸಾಲೆ ತಪ್ಪು ಮಾಡಿದ್ರೆ ಒಂದೇ ಏಟಿಗೆ ಮಾಡುತ್ತೆ. ಮನುಷ್ಯ ಕುಟ್ಟಿ ಕುಟ್ಟಿ ಮಾಡ್ತಾನೆ."

ನಾಣ್ಯ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. ಅಪ್ಪನ ನೆನಪಿಗೆ ಪ್ರದರ್ಶನ. ಅಪ್ಪನ ದೊಡ್ಡ ತಾಮ್ರದ ಕಾಸು ನಟ್ಟನಡುವೆ ಇಡಬೇಕಂತೆ. ನಾನೇ ಪರೀಕ್ಷಿಸಿ ವಿವರ ಬರೆಯಬೇಕಂತೆ.

ಜನವರಿ 11

ಡಬ್ಬಿ ತೆಗೆದೆ. ಒಂದು ಕಡೆ ಬರಹ. ಇನ್ನೊಂದು ಕಡೆ ಉಬ್ಬಿರಬೇಕಾದ ರಾಜನ ಮುಖ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನದಕ್ಕೆ ಹೀಗಾಗುತ್ತದೆ ಎಂದು ಕಲಿಸಿದ್ದೂ ಅಪ್ಪನೇ.

ಆ ಭಾನುವಾರಗಳು… ಚಿಕ್ಕಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪನ ಕೈಯಲ್ಲಿ ಡಬ್ಬಿ. "ನನ್ನ ತಮ್ಮ ತಂದುಕೊಟ್ಟಿದ್ದು. ಲಕ್ಷಕ್ಕೊಂದು!" ನಾನು ರಾಜನ ಮೂಗಿನ ಗುಳಿಗೆ ಕಿರುಬೆರಳು ಇಡುತ್ತಿದ್ದೆ. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಿದ್ದ. ಎಲ್ಲ ನಾಣ್ಯಕ್ಕೂ ನನ್ನ ಕೈಗೆ ಲೆನ್ಸ್ ಕೊಡುತ್ತಿದ್ದ ಅಪ್ಪ, ಇದಕ್ಕೆ ಮಾತ್ರ ಕೊಡಲಿಲ್ಲ.

ಅದೇ ದಿನ, ಮಧ್ಯಾಹ್ನ

ಲೆನ್ಸ್ ಹಿಡಿದೆ. ಹಿಡಿಯಬಾರದಿತ್ತು.

ತಗ್ಗಿನ ಮುಖದ ಕೆಳಗೆ ಇನ್ನೊಂದು ಮುಖ — ಉಬ್ಬಿದ್ದು, ನಜ್ಜುಗುಜ್ಜು. ಹಿಂಬದಿಯ ಅಕ್ಷರಗಳು ಚಪ್ಪಟೆ. ಅಚ್ಚಿನ ತಪ್ಪಲ್ಲ. ಸರಿಯಾಗೇ ಮುದ್ರೆ ಬಿದ್ದ ಕಾಸಿನ ಮೇಲೆ ಇನ್ನೊಂದನ್ನಿಟ್ಟು ಯಾರೋ ಒತ್ತಿದ್ದಾರೆ.

ಊರವರ ಕಾಸಿನ ಬಣ್ಣವೆಲ್ಲ ಬಯಲು ಮಾಡಿದ ಅಪ್ಪ ಇದಕ್ಕೆ ಹೇಗೆ ಮೋಸಹೋದ?

ಜನವರಿ 12

ಚಿಕ್ಕಪ್ಪನ ಮನೆಗೆ ಹೋದೆ. ಕಾಸು ಮೇಜಿನ ಮೇಲಿಟ್ಟೆ. ಅವನು ಮುಟ್ಟಲಿಲ್ಲ.

"ನಾನೇ ಕಣೇ. ವರ್ಕ್‌ಶಾಪಿಗೆ ಆಗಷ್ಟೇ ಸೇರಿದ್ದೆ. ಎರಡು ಕಾಸು ಒಂದರ ಮೇಲೊಂದಿಟ್ಟು ವೈಸ್‌ಗೆ, ಆ ಕಬ್ಬಿಣದ ಹಿಡಿಕಟ್ಟಿಗೆ ಕೊಟ್ಟು ಬಿಗಿದೆ. ಅಣ್ಣನ್ನ ಬೇಸ್ತು ಬೀಳಿಸೋಣ ಅಂತ, ಅಷ್ಟೇ. ಅವನು ನೋಡಿದ… ಕಣ್ಣಲ್ಲಿ ನೀರು ಬಂತು ಅವನಿಗೆ. ನಾನು ಹೇಗೆ ಬಾಯಿ ಬಿಡ್ಲಿ?"

"ಆಮೇಲೆ?"

"ಇವತ್ತು ಹೇಳೋಣ, ನಾಳೆ ಹೇಳೋಣ… ಅಣ್ಣನೇ ಹೊರಟುಬಿಟ್ಟ." ಪ್ರದರ್ಶನದ ವಿಷಯ ಹೇಳಿದೆ. "ಅದಕ್ಕೆ ಇದನ್ನ ಇಡಬೇಡ ಮಗಳೇ. ಅವನ ಹೆಸರು ಕೆಡುತ್ತೆ."

ಜನವರಿ 17

ನಾಲ್ಕು ದಿನ ಬರೆಯಲಾಗಲಿಲ್ಲ. ಇವತ್ತು ಬಟ್ಟೆ ಮಡಿಸುವಾಗ ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ದಿಂಬಿನ ಚೀಲ ಕೆಳಗಿಟ್ಟಳು.

"ಕೊಟ್ಟ ದಿನವೇ ಗೊತ್ತಾಗಿತ್ತಲ್ಲೇ ಅವ್ರಿಗೆ!"

"ಮತ್ತೆ ಕಣ್ಣೀರು?"

"ನಗು ತಡ್ಕೊಂಡಿದ್ದಕ್ಕೆ ಬಂದಿದ್ದು! ತಮ್ಮ ಎಷ್ಟು ದಿನಕ್ಕೆ ಬಾಯಿ ಬಿಡ್ತಾನೆ ನೋಡೋಣ ಅಂತ ಬೇಕಂತಲೇ ಡಬ್ಬಿ ತೆಗೆಯೋರು." ಮತ್ತೆ ಮಡಿಸತೊಡಗಿದಳು. "ವರ್ಷ ಕಳೀತಾ ಕಳೀತಾ ಅದು ತಮಾಷೆಯಾಗಿ ಉಳೀಲಿಲ್ಲ. ಈಗ ಹೇಳಿದ್ರೆ ನಾಚ್ಕೊಂಡು ಬರೋದೇ ಬಿಟ್ಟಾನು ಅನ್ನೋರು. ಅವನು ಬರೋದು ಮುಖ್ಯ ಆಗಿತ್ತು ನಿಮ್ಮಪ್ಪಂಗೆ."

ಜನವರಿ 18, ಭಾನುವಾರ

ಚಿಕ್ಕಪ್ಪನನ್ನು ಕರೆಸಿದೆ. ಅಮ್ಮನೇ ಹೇಳಿದಳು. ಮೊದಲು ಅರ್ಥವಾಗಲಿಲ್ಲ ಅವನಿಗೆ.

"ಗೊತ್ತಿತ್ತಾ? ಗೊತ್ತಿದ್ದೂ ಪ್ರತಿ ವಾರ…? ಕಳ್ಳ! ಕಳ್ಳ ನನ್ಮಗ!"

ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಸದ್ದು ನಿಂತಿತು, ಭುಜ ಮಾತ್ರ ಅಲುಗುತ್ತಿತ್ತು. ಅಮ್ಮ ನೀರು ತಂದಳು.

ಮುಖ ಒರೆಸಿಕೊಂಡು — "ಪ್ರದರ್ಶನಕ್ಕೆ ಇಡು. ಟಂಕಸಾಲೆ ತಪ್ಪಲ್ಲ ಅಂತಲೇ ಬರಿ. ಮಾಡಿದ್ದು ತಮ್ಮ ಅಂತ ದೊಡ್ಡಕ್ಷರದಲ್ಲಿ ಹಾಕು."

"ಅಪ್ಪನಿಗೆ ಗೊತ್ತಿತ್ತು ಅಂತ?"

"ಅದನ್ನ ಇನ್ನೂ ದೊಡ್ಡದಾಗಿ."

ಪ್ರದರ್ಶನದ ವಿವರದ ಕಾರ್ಡ್ ಬರೆಯಲು ಕೂತಿದ್ದೇನೆ. ಒಳಗೆ ಚಿಕ್ಕಪ್ಪ ಅಮ್ಮನಿಗೆ ಏನೋ ಹೇಳುತ್ತಿದ್ದಾನೆ — ಅಪ್ಪ ಚಿಕ್ಕವನಿದ್ದಾಗಿನ ಕಥೆ, ನಾನು ಕೇಳದ್ದು. ತಾಳು, ಮೊದಲು ಅದನ್ನ ಕೇಳಿಕೊಂಡು ಬರುತ್ತೇನೆ.